ಬುಲ್ಲಿಯಿಂಗ್ ಎಷ್ಟು ನೋಯಿಸುತ್ತದೆ? ಭಾವಚಿತ್ರಗಳ ಮೂಲಕ ಹೇಳುವುದು ಹೀಗೆ

ದಿನಾ ಅಡ್ಡಹೆಸರಿಟ್ಟು ರೇಗಿಸಿದವರು ‘ಸುಮ್ನೆ ತಮಾಷೆಗೆ’ ಎಂದು ಮರೆತುಬಿಡುತ್ತಾರೆ. ರೇಗಿಸಿಕೊಂಡವರು ಮರೆಯುವುದಿಲ್ಲ. ಯುನೆಸ್ಕೊ 2019ರಲ್ಲಿ ಹೊರತಂದ ವರದಿಯ ಪ್ರಕಾರ, ಜಗತ್ತಿನಲ್ಲಿ ಹೆಚ್ಚುಕಡಿಮೆ ಮೂವರು ವಿದ್ಯಾರ್ಥಿಗಳಲ್ಲಿ ಒಬ್ಬರು ಹಿಂದಿನ ಒಂದೇ ತಿಂಗಳಲ್ಲಿ ಸಹಪಾಠಿಗಳಿಂದ ಬುಲ್ಲಿಯಿಂಗ್ ಅನುಭವಿಸಿದ್ದರು. ಅಂಕಿ ಓದಿ ಮುಂದೆ ಹೋಗುವುದು ಸುಲಭ. ಎದುರಿಗೇ ಒಂದು ಮುಖ ನಮ್ಮನ್ನು ನೇರವಾಗಿ ನೋಡುತ್ತಿದ್ದರೆ ಅಷ್ಟು ಸುಲಭವಲ್ಲ. ಶಾಲೆ, ಕಾಲೇಜು, ಕಚೇರಿ ಎಲ್ಲಿ ಬೇಕಾದರೂ ಎಂಟು–ಹತ್ತು ಭಾವಚಿತ್ರಗಳ ಸಣ್ಣ ಪ್ರದರ್ಶನ ಮಾಡಬಹುದು.

1. ಯಾವುದನ್ನು ತೋರಿಸುತ್ತೀರಿ?

ಗೆಳೆಯರ ನಡುವಿನ ಒಂದು ಜಗಳ ಬುಲ್ಲಿಯಿಂಗ್ ಅಲ್ಲ. ಈ ವಿಷಯದ ಅಧ್ಯಯನಕ್ಕೆ 1970ರ ದಶಕದಲ್ಲೇ ಬುನಾದಿ ಹಾಕಿದ ಡ್ಯಾನ್ ಓಲ್ವೆಯುಸ್ ಮೂರು ಗುರುತು ಹೇಳಿದ್ದರು: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ನೋಯಿಸುವವರ ಕೈ ಮೇಲಿರುವುದು. ಈ ಮೂರೂ ಮನಸ್ಸಿನಲ್ಲಿರಲಿ. ಇಲ್ಲದಿದ್ದರೆ ಪ್ರದರ್ಶನ ಎಲ್ಲ ಬಗೆಯ ಬೇಸರಗಳ ಸಂತೆಯಾಗುತ್ತದೆ.

2. ಒಪ್ಪಿಗೆ: ಇಲ್ಲಿ ಅವಸರ ಬೇಡ

1936ರಲ್ಲಿ ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ವಲಸೆ ಕೂಲಿ ಮಾಡುತ್ತಿದ್ದ ತಾಯಿಯೊಬ್ಬರ ಚಿತ್ರ ತೆಗೆದರು. ಬಡತನದ ಕಷ್ಟವನ್ನು ಜಗತ್ತಿಗೆ ತೋರಿಸಿದ ಚಿತ್ರ ಅದು. ಆದರೆ ಲ್ಯಾಂಗ್ ಆಕೆಯ ಹೆಸರನ್ನೂ ಬರೆದುಕೊಂಡಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಜನರಿಗೆ ತಿಳಿದಿದ್ದು 1978ರಲ್ಲಿ. ಆ ಚಿತ್ರ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ಅದರಿಂದ ತನಗೆ ಒಂದು ಕಾಸೂ ಸಿಗಲಿಲ್ಲ ಎಂದು ಆಕೆ ನೊಂದು ಹೇಳಿದ್ದರು. ಒಳ್ಳೆಯ ಉದ್ದೇಶವಿದ್ದರೆ ಸಾಲದು, ಅಲ್ವಾ?

ಹಾಗಾಗಿ ಲಿಖಿತ ಒಪ್ಪಿಗೆ ಪಡೆಯಿರಿ. ಚಿತ್ರ ಎಲ್ಲಿ, ಎಷ್ಟು ದಿನ ಇರುತ್ತದೆ, ಯಾರು ನೋಡುತ್ತಾರೆ, ಹೆಸರು ಹಾಕುತ್ತೀರಾ ಎಲ್ಲವೂ ಅದರಲ್ಲಿರಲಿ. ‘ಯಾವಾಗ ಬೇಡವೆಂದರೂ ತೆಗೆಯುತ್ತೇವೆ’ ಎಂಬ ಮಾತು ಮೊದಲ ಸಾಲಿನಲ್ಲೇ ಇರಲಿ. ಮಕ್ಕಳಾದರೆ ಹೆತ್ತವರ ಸಹಿಯೂ ಬೇಕು, ಮಗುವಿನ ಒಪ್ಪಿಗೆಯೂ ಬೇಕು. ಅಪ್ಪ-ಅಮ್ಮ ಹೂಂ ಎಂದು ಮಗು ತಲೆ ತಗ್ಗಿಸಿದರೆ ಅಲ್ಲಿಗೆ ನಿಲ್ಲಿಸಿ.

ಇನ್ನೊಂದು ಮಾತು. ಕಿರುಕುಳ ಈಗಲೂ ನಡೆಯುತ್ತಿದ್ದರೆ ಅವರ ಚಿತ್ರ ತೆಗೆಯಬೇಡಿ. ಕಾಡುವವರ ಕೈಗೆ ನೀವೇ ಹೊಸ ಸರಕು ಕೊಟ್ಟಂತಾಗುತ್ತದೆ. ಮೊದಲು ಶಿಕ್ಷಕರು, ಆಪ್ತಸಮಾಲೋಚಕರು ಅಥವಾ ನಂಬುವಂಥ ಹಿರಿಯರ ನೆರವು ಸಿಗಲಿ.

3. ಕ್ಯಾಮೆರಾ ಚೀಲದಲ್ಲೇ ಇರಲಿ, ಮೊದಲು ಮಾತು

ಏನಾಯಿತು ಎಂದು ಕೆದಕಬೇಡಿ. ‘ಆಗ ನಿಮ್ಮ ಜೊತೆ ಯಾರಾದರೂ ನಿಂತಿದ್ದರಾ?’, ‘ಚಿತ್ರ ನೋಡುವವರಿಗೆ ಏನು ಗೊತ್ತಾಗಬೇಕು?’ ಎಂದು ಕೇಳಿ. ಎಷ್ಟು ಹೇಳಬೇಕೆಂಬುದು ಅವರಿಗೆ ಬಿಟ್ಟಿದ್ದು.

ಕೇಳುತ್ತಲೇ ಗಮನಿಸಿ. ಹಲ್ಲಿನ ಬಗ್ಗೆ ಗೇಲಿ ಮಾಡಿಸಿಕೊಂಡವರು ನಗು ಬಂದ ಕೂಡಲೇ ಕೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಾರೆ. ಎಷ್ಟೋ ವರ್ಷಗಳ ಅಭ್ಯಾಸ, ಅವರಿಗೇ ಗೊತ್ತಾಗುವುದಿಲ್ಲ. ಚಿತ್ರ ತೆಗೆಯುವಾಗ ‘ಕೈ ತೆಗೆಯಿರಿ’ ಎನ್ನಬೇಡಿ. ಆ ಕೈ ಸಮೇತ ತೆಗೆಯಿರಿ. ಸ್ವಲ್ಪ ಹೊತ್ತಿಗೆ ಕೈ ತಾನಾಗಿ ಇಳಿದರೆ ಆಗಲೂ ಒಂದು ತೆಗೆಯಿರಿ. ಎರಡನ್ನೂ ಅವರಿಗೆ ತೋರಿಸಿ, ಯಾವುದು ಪ್ರದರ್ಶನಕ್ಕೆ ಹೋಗಬೇಕೆಂದು ಅವರೇ ಹೇಳಲಿ. ಬುಲ್ಲಿಯಿಂಗ್‌ನ ಹಾನಿ ಇಂಥ ಸಣ್ಣ ಚಲನೆಗಳಲ್ಲಿ ಇದೆ. ಬಣ್ಣ ಬಳಿದು ಮಾಡಿದ ಗಾಯ, ಬಲವಂತದ ಕಣ್ಣೀರು, ಸುತ್ತಲೂ ಬೆರಳು ತೋರಿಸುವ ನಟನೆ ಯಾವುದೂ ಬೇಡ.

4. ಬೆಳಕು ಮತ್ತು ಕ್ಯಾಮೆರಾ

ದೊಡ್ಡ ಕಿಟಕಿಯೊಂದು ಸಾಕು. ನೇರ ಬಿಸಿಲು ಬೀಳಬಾರದು. ಬೆಳಕು ಒಂದು ಪಕ್ಕದಿಂದ ಬರುವಂತೆ ಕೂರಿಸಿ. ಇನ್ನೊಂದು ಕೆನ್ನೆ ಜಾಸ್ತಿ ಕಪ್ಪಾದರೆ ಆ ಕಡೆ ಬಿಳಿ ಥರ್ಮೋಕೋಲ್ ಹಾಳೆ ಹಿಡಿಯಿರಿ. ಕೋಣೆಯ ದೀಪ ಆರಿಸಿ, ಇಲ್ಲದಿದ್ದರೆ ಚರ್ಮದ ಬಣ್ಣ ಕೆಡುತ್ತದೆ.

50ರಿಂದ 85 ಮಿ.ಮೀ. ಲೆನ್ಸ್ ಒಳ್ಳೆಯದು. ಮೊಬೈಲ್ ಆದರೆ 2 ಪಟ್ಟು ಜೂಮ್ ಇಟ್ಟು ಒಂದೂವರೆ–ಎರಡು ಮೀಟರ್ ದೂರ ನಿಲ್ಲಿ. ತೀರಾ ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಾಣುತ್ತದೆ. ಮುಖದ ಬಗ್ಗೆಯೇ ಅನ್ನಿಸಿಕೊಂಡವರಿಗೆ ಅದು ಇನ್ನೊಂದು ಏಟು. ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಒಳಬರುವ ಕಿಂಡಿ) ಎಫ್ 2.8ರಿಂದ 4, ಶಟರ್ (ಬೆಳಕು ಒಳಬರುವ ಸಮಯ) 1/125 ಸೆಕೆಂಡ್ ಅಥವಾ ಅದಕ್ಕಿಂತ ವೇಗ, ಫೋಕಸ್ ನಿಮಗೆ ಹತ್ತಿರವಿರುವ ಕಣ್ಣಿನ ಮೇಲೆ.

ಕ್ಯಾಮೆರಾ ಅವರ ಕಣ್ಣಿನ ಮಟ್ಟದಲ್ಲೇ ಇರಬೇಕು. ಮೇಲಿನಿಂದ ತೆಗೆದರೆ ಮನುಷ್ಯ ಕುಗ್ಗಿದಂತೆ ಕಾಣುತ್ತಾರೆ. ಪೀಡಿಸುವವರು ಅವರನ್ನು ನೋಡಿದ್ದು ಹಾಗೆಯೇ. ಬ್ಯೂಟಿ ಫಿಲ್ಟರ್ ಆಫ್ ಮಾಡಿ. ಮೈಬಣ್ಣ ತಿಳಿಗೊಳಿಸುವುದು, ಕಲೆ ಅಳಿಸುವುದು ಎರಡೂ ಬೇಡ. ಅದರಿಂದ ಗೇಲಿ ಮಾಡಿದವರ ಮಾತನ್ನೇ ಒಪ್ಪಿದ ಹಾಗಾಗುತ್ತದೆ.

5. ಮುಖ ತೋರಿಸಲು ಇಷ್ಟವಿಲ್ಲದವರಿಗೆ

ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಿ ನೆರಳಾಕೃತಿ ತೆಗೆಯಿರಿ. ಬರೀ ಕೈಗಳನ್ನೂ ತೆಗೆಯಬಹುದು. ಮುಖ ತೆಗೆದು ಆಮೇಲೆ ಮಸುಕು ಮಾಡುವುದಕ್ಕಿಂತ ಇದು ಸುರಕ್ಷಿತ, ಏಕೆಂದರೆ ಮೂಲ ಫೈಲಿನಲ್ಲೂ ಮುಖ ಸುಲಭವಾಗಿ ಗುರುತು ಸಿಗುವಂತೆ ಇರುವುದಿಲ್ಲ. ಸಮವಸ್ತ್ರ, ಬ್ಯಾಡ್ಜ್, ಹಚ್ಚೆ ಕಾಣದಂತೆ ನೋಡಿಕೊಳ್ಳಿ. ಫೈಲಿನಲ್ಲಿ ಅಡಗಿರುವ ಲೊಕೇಶನ್ ಮಾಹಿತಿಯನ್ನೂ ಅಳಿಸಿ.

6. ಜೊತೆಗೆ ಎರಡು ಸಾಲು

ಚಿತ್ರದ ಕೆಳಗಿನ ಮಾತು ಅವರದೇ ಆಗಿರಲಿ, ತಪ್ಪಿದ್ದರೂ ತಿದ್ದಬೇಡಿ. ನೋಯಿಸಿದವರ ಹೆಸರು, ಗುರುತು ಬೇಡ. ನೋಡಿಯೂ ಸುಮ್ಮನಿದ್ದ ಒಬ್ಬರ ಭಾವಚಿತ್ರವನ್ನೂ ಸೇರಿಸಿ, ಅವರು ಒಪ್ಪಿದರೆ. ನೋಡುಗರಲ್ಲಿ ಹೆಚ್ಚಿನವರು ಅದೇ ಜಾಗದಲ್ಲಿ ನಿಂತಿದ್ದವರು. ಅವರನ್ನು ಮುಟ್ಟುವ ಚಿತ್ರ ಬಹುಶಃ ಅದೇ.

7. ಪ್ರದರ್ಶನ

ಎ3 ಅಳತೆಯ ಪ್ರಿಂಟ್ ಸಾಕು. ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂ.ಮೀ. ಎತ್ತರದಲ್ಲಿರಲಿ, ಚಿಕ್ಕ ಮಕ್ಕಳು ನೋಡುವುದಾದರೆ ಇನ್ನೂ ಕೆಳಗೆ. ನವೆಂಬರ್ ತಿಂಗಳ ಮೊದಲ ಗುರುವಾರ ಶಾಲೆಗಳಲ್ಲಿನ ಹಿಂಸೆ ಮತ್ತು ಬುಲ್ಲಿಯಿಂಗ್ ವಿರುದ್ಧ ಯುನೆಸ್ಕೊ 2020ರಿಂದ ಆಚರಿಸುತ್ತಿರುವ ದಿನ. ಆ ವಾರ ಇಟ್ಟುಕೊಂಡರೆ ಶಾಲೆಗಳನ್ನು ಒಪ್ಪಿಸುವುದು ಸುಲಭ.

ಚಿತ್ರದಲ್ಲಿರುವವರಿಗೆ ಒಂದು ದಿನ ಮೊದಲೇ ಎಲ್ಲವನ್ನೂ ತೋರಿಸಿ. ನೋಡಲು ಬಂದವರಲ್ಲೂ ಹಳೆಯ ನೋವು ಮೇಲೆದ್ದು ಬರಬಹುದು. ಆಪ್ತಸಮಾಲೋಚಕರೊಬ್ಬರು ಅಲ್ಲೇ ಕುಳಿತಿರಲಿ, ಬಾಗಿಲ ಬಳಿ ಸಹಾಯವಾಣಿಯ ಸಂಖ್ಯೆ ದಪ್ಪಕ್ಷರದಲ್ಲಿ ಕಾಣಲಿ. ಜಾಲತಾಣದಲ್ಲಿ ಹಾಕುವುದಾದರೆ ಕಾಮೆಂಟ್ ಮುಚ್ಚಿಡಿ. ಪ್ರದರ್ಶನ ಮುಗಿದ ಮೇಲೆ ಪ್ರಿಂಟ್‌ಗಳನ್ನು ಅವರವರಿಗೆ ಕೊಟ್ಟು, ಒಪ್ಪಿಗೆ ಪತ್ರದಲ್ಲಿ ಹೇಳಿದ ದಿನಕ್ಕೆ ನಿಮ್ಮಲ್ಲಿರುವ ಫೈಲುಗಳನ್ನು ಅಳಿಸಿ, ಅಳಿಸಿದ್ದೇವೆಂದು ಅವರಿಗೆ ತಿಳಿಸಿ.