ಕರಪತ್ರದ ಕಥಾಸಾರ, ಚೌಕಿಯ ನಡೆ: ಸಿನಾಪ್ಸಿಸ್ ಮತ್ತು ಟ್ರೀಟ್‌ಮೆಂಟ್ ನಾನು ಬರೆಯುವ ಬಗೆ

ಸಿನಿಮಾ ಕಥೆಯ ಸಾರ ಸಿನಾಪ್ಸಿಸ್, ಅದೇ ಕಥೆಯನ್ನು ದೃಶ್ಯ ದೃಶ್ಯವಾಗಿ ಬರೆದದ್ದು ಟ್ರೀಟ್‌ಮೆಂಟ್. ಆದರೂ ಸಿನಾಪ್ಸಿಸ್ ಕೇಳಿದವರಿಗೆ ಎಂಟು ಪುಟ, ಟ್ರೀಟ್‌ಮೆಂಟ್ ಕೇಳಿದವರಿಗೂ ಅದೇ ಎಂಟು ಪುಟ. ಕಾಸರಗೋಡಿನಿಂದ ಬೆಂಗಳೂರಿಗೂ ಕೊಚ್ಚಿಗೂ ಹೋಗುವ ಕಥೆಗಳಲ್ಲಿ ನನಗೆ ಹೆಚ್ಚಾಗಿ ಕಾಣುವ ತಪ್ಪು ಇದು. ಸಿನಾಪ್ಸಿಸ್ ಎನ್ನಲು ಅದು ಉದ್ದವಾಯಿತು, ಟ್ರೀಟ್‌ಮೆಂಟ್ ಎನ್ನಲು ಗಿಡ್ಡ.

ನಮ್ಮ ಕಡೆಯವರಿಗೆ ವ್ಯತ್ಯಾಸ ಹೇಳಲು ಯಕ್ಷಗಾನ ಸಾಕು. ಆಟದ ಕರಪತ್ರದಲ್ಲಿ ಅಚ್ಚಾಗುವ ಕಥಾಸಾರ ಒಂದು. ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಜಾಗದಲ್ಲಿ, ಭಾಗವತರು ವೇಷಧಾರಿಗೆ ಹೇಳುವ ಪ್ರಸಂಗದ ನಡೆ ಇನ್ನೊಂದು. ಯಾವ ವೇಷ ಯಾವಾಗ ಪ್ರವೇಶ, ಯಾವ ಪದ್ಯ ಬಿಡುವುದು, ಯುದ್ಧ ಎಷ್ಟು ಹೊತ್ತು ಎಂಬುದೆಲ್ಲ ನಡೆಯಲ್ಲಿ ಉಂಟು. ಅರ್ಥವನ್ನು, ಅಂದರೆ ವೇಷಧಾರಿ ಆಡುವ ಮಾತನ್ನು, ಮಾತ್ರ ಯಾರೂ ಬರೆದು ಕೊಡುವುದಿಲ್ಲ, ಅದು ರಂಗದಲ್ಲೇ ಹುಟ್ಟಬೇಕು. ಟ್ರೀಟ್‌ಮೆಂಟಿನಲ್ಲಿ ಸಂಭಾಷಣೆಯ ಸ್ಥಾನವೂ ಹೀಗೆಯೇ. ಹೋಲಿಕೆ ಮುರಿಯುವುದು ಒಂದೇ ಕಡೆ: ಕರಪತ್ರ ಪ್ರೇಕ್ಷಕನಿಗೆ, ಸಿನಾಪ್ಸಿಸ್ ದುಡ್ಡು ಹಾಕುವವನಿಗೆ. ‘ಮುಂದೇನಾಯಿತು? ತೆರೆಯ ಮೇಲೆ ನೋಡಿ’ ಎಂದು ಅವನಿಗೆ ಹೇಳಿದರೆ ಕಾಗದ ಅಲ್ಲೇ ಮಡಚುತ್ತಾನೆ. ಅಂತ್ಯವನ್ನು ಬರೆಯಲೇಬೇಕು.

ಬರೆಯುವ ಮೊದಲು, ಕೇಳಿದವರು ಏನನ್ನು ಕೇಳಿದರೆಂದು ಖಚಿತ ಮಾಡಿಕೊಳ್ಳುತ್ತೇನೆ. ‘ಒನ್‌ಲೈನ್’ ಎಂದರೆ ಕೆಲವರಿಗೆ ಇಡೀ ಕಥೆಯ ಒಂದು ವಾಕ್ಯ, ಹಲವರಿಗೆ ಸೀನ್ ಆರ್ಡರ್, ಅಂದರೆ ಪ್ರತಿ ದೃಶ್ಯಕ್ಕೆ ಒಂದೊಂದು ಸಾಲಿನ ಪಟ್ಟಿ. ‘ಟ್ರೀಟ್‌ಮೆಂಟ್’ ಅಂತೂ ಇನ್ನೂ ಜಾರು. ನಿರ್ದೇಶಕರು ಬಣ್ಣ, ಕ್ಯಾಮೆರಾ, ಸಂಗೀತದ ಬಗ್ಗೆ ಬರೆಯುವ ಟಿಪ್ಪಣಿಗೂ ಅದೇ ಹೆಸರು. ಕಥೆಯ ಟ್ರೀಟ್‌ಮೆಂಟಿನಲ್ಲಿ ಲೆನ್ಸಿನ ಮಾತು ಬರುವಂತಿಲ್ಲ.

ಉದಾಹರಣೆಗೆ ಒಂದು ಕಥೆ ಕಟ್ಟಿಕೊಳ್ಳೋಣ. ಕಾಸರಗೋಡಿನ ಎಣ್ಮಕಜೆ, ಬಾಯಾರು ಕಡೆಯ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳು ಎಲ್ಲರಿಗೂ ಗೊತ್ತು. ಸಿನಾಪ್ಸಿಸ್‌ನ ತಿರುಳು ಹೀಗೆ ಬರುತ್ತದೆ:

‘ಅರುವತ್ತೈದರ ಐತಪ್ಪನ ಸುರಂಗ ಮಾರ್ಚಿನಲ್ಲೇ ಬತ್ತುತ್ತದೆ. ಅಡಕೆ ತೋಟ ಉಳಿಸಲು ಮಗ ಗಿರೀಶ ಸಾಲ ಮಾಡಿ ಕೊಳವೆಬಾವಿ ತೋಡಿಸುತ್ತಾನೆ. ನೀರು ಬೀಳುತ್ತದೆ, ಆದರೆ ಕೆಳಗಿನ ಮನೆಯವರ ಸುರಂಗ ಒಣಗುತ್ತದೆ. ಅದನ್ನು ಕೊರೆದವನೇ ಐತಪ್ಪ. ಆದ್ದರಿಂದ ಮಗನ ಮಾತು ಮೀರಿ ಅದನ್ನು ಇನ್ನಷ್ಟು ಒಳಕ್ಕೆ ಕೊರೆಯಲು ಹೋಗುತ್ತಾನೆ. ಒಳಗೆ ಮಣ್ಣು ಕುಸಿಯುತ್ತದೆ. ಅಪ್ಪನನ್ನು ತರಲು ಗಿರೀಶ ಹುಟ್ಟಿದ ಮೇಲೆ ಮೊದಲ ಸಲ ಸುರಂಗದೊಳಗೆ ಹೋಗುತ್ತಾನೆ. ಐತಪ್ಪ ಬದುಕುತ್ತಾನೆ, ಗಿರೀಶ ಪಂಪ್ ಬಿಚ್ಚುತ್ತಾನೆ.’

ಇಲ್ಲಿ ಹೆಸರು ಎರಡೇ. ಕೆಳಗಿನ ಮನೆಯವರಿಗೆ ಚಿತ್ರಕಥೆಯಲ್ಲಿ ಹೆಸರಿದ್ದರೂ ಸಿನಾಪ್ಸಿಸ್‌ನಲ್ಲಿ ಬೇಡ. ನಾಲ್ಕಕ್ಕಿಂತ ಹೆಚ್ಚು ಹೆಸರು ಬಂದರೆ ಓದುವವರು ಮತ್ತೆ ಮೇಲಿನಿಂದ ಓದಬೇಕಾಗುತ್ತದೆ. ಇನ್ನು ವಾಕ್ಯಗಳ ನಡುವಿನ ಕೊಂಡಿ ನೋಡಿ: ‘ಆದರೆ’, ‘ಆದ್ದರಿಂದ’. ನನ್ನ ಕರಡಿನಲ್ಲಿ ‘ಆಮೇಲೆ’, ‘ಅಷ್ಟರಲ್ಲಿ’, ‘ಒಂದು ದಿನ’ ಎಂಬವುಗಳ ಕೆಳಗೆ ಗೆರೆ ಎಳೆಯುತ್ತೇನೆ. ಗೆರೆ ಐದು ದಾಟಿದರೆ ತಪ್ಪು ಭಾಷೆಯದಲ್ಲ, ಕಥೆಯದು. ಒಂದು ಘಟನೆ ಇನ್ನೊಂದನ್ನು ಹುಟ್ಟಿಸುತ್ತಿಲ್ಲ. ಉದ್ದ ಎ4ನಲ್ಲಿ ಒಂದು ಪುಟ, ತೀರಾ ಆದರೆ ಎರಡು. ಕನ್ನಡದಲ್ಲಿ ಒಂದು ಪುಟಕ್ಕೆ 300 ಪದದ ಆಸುಪಾಸು ಹಿಡಿಯುತ್ತದೆ. ಇಂಗ್ಲಿಷಿನ ಹಲವು ಪದಗಳ ಕೆಲಸವನ್ನು ನಮ್ಮ ಒಂದು ಪದವೇ ಮಾಡುವುದರಿಂದ, 500 ಪದದ ಮಿತಿ ಕೊಟ್ಟ ಕಡೆಗೆ ಕನ್ನಡದಲ್ಲಿ 500 ತುಂಬಿಸಲು ಹೊರಡಬಾರದು.

ಟ್ರೀಟ್‌ಮೆಂಟಿಗೆ ಈ ಪುಟವನ್ನು ಎಳೆದು ಉದ್ದ ಮಾಡುವ ಕ್ರಮ ನನ್ನದಲ್ಲ. ಹಾಗೆ ಎಳೆದರೆ ವಿಶೇಷಣಗಳು ಹೆಚ್ಚುತ್ತವೆ, ದೃಶ್ಯಗಳು ಹೆಚ್ಚುವುದಿಲ್ಲ. ಮೊದಲು ಕಾರ್ಡು, ದೃಶ್ಯಕ್ಕೊಂದು. ಎರಡು ಗಂಟೆಯ ಚಿತ್ರಕ್ಕೆ 60ರಿಂದ 70. ಪ್ರತಿ ಕಾರ್ಡಿನಲ್ಲಿ ಜಾಗ, ಹೊತ್ತು, ಯಾರಿಗೆ ಏನು ಬೇಕು, ದೃಶ್ಯ ಮುಗಿಯುವಾಗ ಏನು ಬದಲಾಯಿತು. ಕೊನೆಯ ಕಲಂ ಖಾಲಿ ಇದ್ದ ಕಾರ್ಡನ್ನು ತೆಗೆದಿಡುತ್ತೇನೆ. ನಮ್ಮ ಕಡೆಯ ಕಥೆಗಳಲ್ಲಿ ಹೀಗೆ ಹೊರಬೀಳುವುದು ಹೆಚ್ಚಾಗಿ ಭೂತಕೋಲ, ಮದುವೆ, ಜಾತ್ರೆಯ ದೃಶ್ಯಗಳು. ನೋಡಲು ಚಂದ, ಕಥೆ ಮಾತ್ರ ನಿಂತಲ್ಲೇ.

ಕಾರ್ಡು ಕೂತ ಮೇಲೆ ಪ್ರತಿ ದೃಶ್ಯಕ್ಕೆ ನಾಲ್ಕೈದು ಸಾಲು, ದೊಡ್ಡ ದೃಶ್ಯಕ್ಕೆ ಅರ್ಧ ಪುಟ. ಒಟ್ಟು 15ರಿಂದ 25 ಪುಟ. ಅದೇ ಗಿರೀಶ, ಟ್ರೀಟ್‌ಮೆಂಟಿನಲ್ಲಿ:

‘ಸುರಂಗದ ಒಳಗೆ, ರಾತ್ರಿ. ಗಿರೀಶ ಟಾರ್ಚನ್ನು ಬಾಯಲ್ಲಿ ಕಚ್ಚಿ ಕುಸಿದ ಮಣ್ಣಿನ ಮೇಲೆ ತೆವಳುತ್ತಾನೆ. ಎರಡೂ ಭುಜ ಗೋಡೆಗೆ ಉಜ್ಜುತ್ತವೆ. ಗೋಡೆಯ ಗೂಡಿನಲ್ಲಿ ಅಪ್ಪ ಇಟ್ಟ ಮೇಣದಬತ್ತಿ ಆರಿದೆ. ಹಚ್ಚುತ್ತಾನೆ. ಜ್ವಾಲೆ ಕುಗ್ಗುತ್ತದೆ. ಪಿಕ್ಕಾಸಿನ ಸದ್ದಿಲ್ಲ, ಎಲ್ಲೋ ನೀರು ತೊಟ್ಟಿಕ್ಕುತ್ತಿದೆ.’

ಮೇಣದಬತ್ತಿ ಸಿನಾಪ್ಸಿಸ್‌ನಲ್ಲಿ ಇಲ್ಲವೇ ಇಲ್ಲ, ಇರಬೇಕಾಗಿಯೂ ಇಲ್ಲ. ಇಲ್ಲಿ ಮಾತ್ರ ಅದು ಬೇಕು. ಜ್ವಾಲೆ ಕುಗ್ಗಿದರೆ ಒಳಗೆ ಉಸಿರಾಡುವ ಗಾಳಿ ಕಡಿಮೆ ಎಂದರ್ಥ. ಆದರೆ ಸುರಂಗ ಕಾಣದ ಪ್ರೇಕ್ಷಕನಿಗೆ ಇದು ಗೊತ್ತಿಲ್ಲ. ಹಾಗಾಗಿ ಆರನೆಯ ದೃಶ್ಯಕ್ಕೇ ಹಿಂದೆ ಹೋಗಿ, ಜ್ವಾಲೆ ಸಣ್ಣದಾದದ್ದೇ ಐತಪ್ಪ ಕೆಲಸ ಬಿಟ್ಟು ಹೊರಗೆ ಬರುವುದನ್ನು ತೋರಿಸಬೇಕು. ಇಂಥ ಬಿತ್ತನೆ ಮತ್ತು ಕೊಯ್ಲಿನ ಲೆಕ್ಕ ಟ್ರೀಟ್‌ಮೆಂಟಿನಲ್ಲಿ ಮಾತ್ರ ಸಿಗುತ್ತದೆ. ತೂತುಗಳೂ ಇಲ್ಲೇ ಕಾಣುವುದು. ಮಣ್ಣು ಕುಸಿದದ್ದು ಹೊರಗಿನವರಿಗೆ ಗೊತ್ತಾದದ್ದು ಹೇಗೆ? ಸಿನಾಪ್ಸಿಸ್ ಈ ಪ್ರಶ್ನೆಯನ್ನು ನುಂಗಿ ಮುಂದೆ ಹೋಗುತ್ತದೆ. ಟ್ರೀಟ್‌ಮೆಂಟಿನಲ್ಲಿ ಬುಟ್ಟಿಯಲ್ಲಿ ಮಣ್ಣು ಹೊರುವ ಒಬ್ಬನನ್ನು ಸುರಂಗದ ಬಾಯಿಯ ಹತ್ತಿರ ನಿಲ್ಲಿಸಲೇಬೇಕು, ಅವನು ಆ ಹೊತ್ತಿಗೆ ಎಲ್ಲಿದ್ದ ಎಂದೂ ಬರೆಯಬೇಕು.

ಎರಡಕ್ಕೂ ವರ್ತಮಾನ ಕಾಲವೇ. ಕಥೆ ಹೇಳಿ ರೂಢಿಯಾದ ಕೈ ಮೂರನೆಯ ಪುಟಕ್ಕೆ ‘ಹೋದ, ಬಂದ’ ಎಂದು ಜಾರುತ್ತದೆ. ಮುಗಿಸಿದ ಮೇಲೆ ಬರೀ ಕ್ರಿಯಾಪದಗಳನ್ನು ನೋಡುತ್ತಾ ಒಮ್ಮೆ ಓದುತ್ತೇನೆ. ‘ಐತಪ್ಪನಿಗೆ ಪಶ್ಚಾತ್ತಾಪವಾಗುತ್ತದೆ’ ಎಂಬುದು ಸಿನಾಪ್ಸಿಸ್‌ನಲ್ಲಿ ನಡೆದೀತು. ಟ್ರೀಟ್‌ಮೆಂಟಿನಲ್ಲಿ ಕೆಳಮನೆಯ ಖಾಲಿ ಕೊಡವನ್ನು ಅವನು ತನ್ನ ಟ್ಯಾಂಕಿನ ನೀರಿನಿಂದ ತುಂಬಿಸಿ, ಯಾರೂ ಕಾಣದ ಹಾಗೆ ಅವರ ಜಗಲಿಯಲ್ಲಿ ಇಟ್ಟು ಬರಬೇಕು. ಮಾತು ಬರೆಯಲೇಬೇಕಿದ್ದರೆ ಇಡೀ ಟ್ರೀಟ್‌ಮೆಂಟಿಗೆ ಐದಾರು ಸಾಲು, ಆ ಮಾತಿಲ್ಲದೆ ದೃಶ್ಯ ತಿರುಗುವುದಿಲ್ಲ ಎಂಬಲ್ಲಿ ಮಾತ್ರ.

ಗಡಿನಾಡಿನ ಕಥೆಗೆ ಇನ್ನೊಂದು ಕಲಂ ಬೇಕು: ಭಾಷೆ. ಮನೆಯೊಳಗೆ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳಂ ಎಂಬುದು ನಮಗೆ ಹೇಳಬೇಕಾದ್ದೇ ಅಲ್ಲ, ಓದುವವರಿಗೆ ಗೊತ್ತಿರುವುದಿಲ್ಲ. ದೃಶ್ಯದ ತಲೆಯಲ್ಲೇ ಬರೆಯುತ್ತೇನೆ. ಬರೆಯದಿದ್ದರೆ ಪಾತ್ರ ಆರಿಸುವವರು ಎಲ್ಲರೂ ಒಂದೇ ಭಾಷೆ ಆಡುತ್ತಾರೆ ಎಂದುಕೊಳ್ಳುತ್ತಾರೆ. ಅಂಚಿನಲ್ಲಿ ನಿಮಿಷವನ್ನೂ ಹಾಕಿ, ಮಧ್ಯಂತರ ಎಲ್ಲಿ ಎಂದು ಗುರುತು ಮಾಡುತ್ತೇನೆ. ನಿಮಿಷ ಕೂಡಿಸಿದಾಗ ಮಧ್ಯಂತರ 75ಕ್ಕೆ ಬಂದು ಚಿತ್ರ 115ಕ್ಕೆ ಮುಗಿಯುವುದಾದರೆ ಮೊದಲರ್ಧದಲ್ಲಿ ಎಲ್ಲೋ ಕೊಬ್ಬಿದೆ. ರಾತ್ರಿಯ ದೃಶ್ಯ ಎಷ್ಟು, ಮಳೆಯ ದೃಶ್ಯ ಎಷ್ಟು ಎಂಬ ಎಣಿಕೆಯೂ ಇದರಿಂದಲೇ. ನಿರ್ಮಾಪಕರ ಮೊದಲ ಪ್ರಶ್ನೆ ಅದು.

ಟ್ರೀಟ್‌ಮೆಂಟ್ ಮುಗಿದ ಮೇಲೆ ಹಳೆಯ ಸಿನಾಪ್ಸಿಸ್ ತೆಗೆದಿಟ್ಟು ಹೊಸತು ಬರೆಯುತ್ತೇನೆ, ಕಾಗದ ನೋಡದೆ. ನೆನಪಿನಲ್ಲಿ ಉಳಿಯದ ಉಪಕಥೆ ಸಿನಾಪ್ಸಿಸ್‌ಗೆ ಬೇಡದ್ದು. ಕೊಚ್ಚಿಗೆ ಮಲಯಾಳಂ ಸಿನಾಪ್ಸಿಸ್ ಬೇಕಾದರೂ ಅನುವಾದ ಮಾಡದೆ ಹೀಗೇ ಬರೆಯುವುದು ಒಳ್ಳೆಯದು.

ಕಳುಹಿಸುವ ಮೊದಲು ನೋಂದಣಿ. ನಮ್ಮ ಕಾನೂನಿನಲ್ಲಿ ಬರಿಯ ಆಲೋಚನೆಗೆ ಹಕ್ಕುಸ್ವಾಮ್ಯ ಇಲ್ಲ, ಅದು ಮೂಡಿದ ರೂಪಕ್ಕೆ ಮಾತ್ರ, 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಒಂದು ಪುಟದಲ್ಲಿ ಇರುವುದು ಹೆಚ್ಚಿನಂಶ ಆಲೋಚನೆ. 20 ಪುಟದಲ್ಲಿ ದೃಶ್ಯಗಳ ಕ್ರಮ, ಮೇಣದಬತ್ತಿ, ಕೊಡ ಎಲ್ಲ ಉಂಟು. ಹಾಗಾಗಿ ನಾನು ನೋಂದಾಯಿಸುವುದು ಟ್ರೀಟ್‌ಮೆಂಟನ್ನು. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಿಗೆ ಆನ್‌ಲೈನಿನಲ್ಲೇ ಆಗುತ್ತದೆ. ದೆಹಲಿಯ ಹಕ್ಕುಸ್ವಾಮ್ಯ ಕಚೇರಿಯಲ್ಲಿ ಸಾಹಿತ್ಯ ಕೃತಿ ಎಂದು 500 ರೂಪಾಯಿ ಶುಲ್ಕ ಕಟ್ಟಿದರೆ ಡೈರಿ ಸಂಖ್ಯೆ, ಅಂದರೆ ಅರ್ಜಿಯ ಗುರುತಿನ ಸಂಖ್ಯೆ, ಸಿಗುತ್ತದೆ. ಆಕ್ಷೇಪಕ್ಕಾಗಿ 30 ದಿನ ಕಾದ ಮೇಲೆಯೇ ಪರಿಶೀಲನೆ. ಅಷ್ಟಾದ ಮೇಲೂ ಮೊದಲ ಇಮೇಲಿನಲ್ಲಿ ಹೋಗುವುದು ಆ ಒಂದು ಪುಟ ಮಾತ್ರ. ಕೇಳಿದರೆ 20.