ಖಾಸಗಿತನದ ನೆಪಕ್ಕೆ ಸಿಲುಕದಂತೆ ಮಾಹಿತಿ ಹಕ್ಕಿನ ಅರ್ಜಿ ಬರೆಯುವ ಬಗೆ

ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಜಾರಿಯಾದಾಗ ಅದರ ಕಲಂ 8(1)(ಜೆ), ಸಾರ್ವಜನಿಕ ಚಟುವಟಿಕೆಗೆ ಸಂಬಂಧಪಡದ ಅಥವಾ ವಿನಾಕಾರಣ ಖಾಸಗಿತನಕ್ಕೆ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ತಡೆಹಿಡಿಯಲು ಅವಕಾಶ ಕೊಟ್ಟಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಂದ ತಿದ್ದುಪಡಿಯು 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ ಆ ಷರತ್ತುಗಳು ಹೋಗಿವೆ. ಮಾಹಿತಿ ವೈಯಕ್ತಿಕವಾದುದು ಎಂದರೆ ಸಾಕು, ನಿರಾಕರಿಸಬಹುದು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಸಾರಿದ್ದು, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಸಲ್ಲಿಸಿದ್ದ ಅರ್ಜಿಯಲ್ಲಿ. ಸರ್ಕಾರದೆದುರು ಪ್ರಜೆಗೆ ದಕ್ಕಿದ ಆ ರಕ್ಷಣೆಯನ್ನು ಸರ್ಕಾರಿ ಕಡತಕ್ಕೇ ತೊಡಿಸುವುದು ನನಗಂತೂ ಒಪ್ಪಿಗೆಯಿಲ್ಲ. ಆದರೆ ಕಾಯ್ದೆ ಈಗ ಇರುವುದು ಹೀಗೆ, ಅರ್ಜಿಯನ್ನು ಅದಕ್ಕೆ ತಕ್ಕಂತೆಯೇ ಬರೆಯಬೇಕು.

ಮೊದಲ ನಿಯಮ, ವ್ಯಕ್ತಿಯ ಬಗ್ಗೆ ಕೇಳದೆ ಕೆಲಸದ ಬಗ್ಗೆ ಕೇಳುವುದು. ‘ಇಂಥ ಗುತ್ತಿಗೆದಾರರ ವಿವರ ಕೊಡಿ’ ಎಂದು ಬರೆದರೆ ಅರ್ಜಿ ವಾಪಸು ಬರುವ ಸಾಧ್ಯತೆಯೇ ಹೆಚ್ಚು. ಅದರ ಬದಲು ‘ಇಂಥ ವಾರ್ಡಿನ ಸಿಮೆಂಟ್ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು ಮತ್ತು ಪಾವತಿಯಾದ ಬಿಲ್ಲುಗಳ ದೃಢೀಕೃತ ಪ್ರತಿ’ ಎಂದು ಕೇಳಿರಿ. ಮನೆ ಹಂಚಿಕೆಯಂತಹ ವಿಷಯದಲ್ಲಿ ಫಲಾನುಭವಿಗಳ ಹೆಸರು ಬೇಕೇ ಬೇಕಾಗುತ್ತದೆ. ಆಗ ಸಹಾಯಧನ ಯೋಜನೆಗಳ ಮೊತ್ತವನ್ನೂ ಫಲಾನುಭವಿಗಳ ವಿವರವನ್ನೂ ಕಚೇರಿ ತಾನಾಗಿಯೇ ಪ್ರಕಟಿಸಬೇಕೆನ್ನುವ ಕಲಂ 4(1)(ಬಿ)ಯನ್ನು ಉಲ್ಲೇಖಿಸಿ, ‘ಆಧಾರ್, ಬ್ಯಾಂಕ್ ಖಾತೆ ಮತ್ತು ಮೊಬೈಲ್ ಸಂಖ್ಯೆಗಳನ್ನು ಕಲಂ 10ರಂತೆ ಮರೆಮಾಡಿ ಉಳಿದುದನ್ನು ನೀಡಿ’ ಎಂದು ನೀವೇ ಬರೆದುಬಿಡಿ. ಬಡವರ ಖಾತೆ ಸಂಖ್ಯೆ ನಮಗೆ ಬೇಕಾಗಿಯೂ ಇಲ್ಲ, ನಿರಾಕರಣೆಗೆ ಸುಲಭದ ದಾರಿಯೂ ಮುಚ್ಚುತ್ತದೆ.

ತಿದ್ದುಪಡಿ ಕಲಂ 8(2)ನ್ನು ಮುಟ್ಟಿಲ್ಲ ಎಂಬುದು ಮುಖ್ಯ. ಬಹಿರಂಗದಿಂದಾಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದೆಂದು ಅದು ಹೇಳುತ್ತದೆ. ಅರ್ಜಿಗೆ ಕಾರಣ ನೀಡಬೇಕಾಗಿಲ್ಲವೆಂದು ಕಲಂ 6(2) ಹೇಳಿದರೂ, ಹೆಸರುಗಳನ್ನು ಕೇಳುವಾಗ ಆ ಹಿತವೇನೆಂದು ಎರಡು ಸಾಲಿನಲ್ಲಿ ತಿಳಿಸುವುದು ಜಾಣತನ.

ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಶುಲ್ಕ 10 ರೂಪಾಯಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ನಿರಾಕರಣೆ ಬಂದರೆ, ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಎರಡನೆಯದನ್ನು ಮಾಹಿತಿ ಆಯೋಗಕ್ಕೆ ಸಲ್ಲಿಸಲು 90 ದಿನಗಳ ಅವಕಾಶವಿದೆ. ನಿರಾಕರಣೆ ಸರಿಯೆಂದು ತೋರಿಸುವ ಹೊಣೆ ಕಲಂ 19(5)ರ ಪ್ರಕಾರ ಅಧಿಕಾರಿಯದೇ ಆದ್ದರಿಂದ, ಕೇವಲ ‘ವೈಯಕ್ತಿಕ’ ಎಂದು ಬರೆದು ಕಳಿಸಿದ ಹಿಂಬರಹವನ್ನು ಮೇಲ್ಮನವಿಗೆ ಲಗತ್ತಿಸಿ, ಯಾವ ದಾಖಲೆಯ ಯಾವ ಭಾಗ ವೈಯಕ್ತಿಕವೆಂದು ತಿಳಿಸಿಲ್ಲ ಎಂಬ ಅಂಶವನ್ನು ಎತ್ತಿ ಹೇಳಿರಿ.

ನಿಮ್ಮ ಖಾಸಗಿತನವನ್ನೂ ಮರೆಯಬೇಡಿ. ಸಂಪರ್ಕಕ್ಕೆ ಬೇಕಾದಷ್ಟು ವಿವರವನ್ನಷ್ಟೇ ಕಾಯ್ದೆ ಕೇಳುತ್ತದೆ, ಆಧಾರ್ ಪ್ರತಿಯನ್ನು ಲಗತ್ತಿಸುವ ಅಗತ್ಯವಿಲ್ಲ.