ಎಲೆಯ ಚಾರ್ಟ್ ಪಕ್ಕದಲ್ಲಿ ಕಾಫಿ ಎಲೆಯ ಅಚ್ಚು

ಎಲೆಯ ಒಳರಚನೆಯ ಚಾರ್ಟ್ ಗೋಡೆಗೆ ಹಾಕುವ ದಿನ, ಬಲಿತ ಕಾಫಿ ಎಲೆಯ ಅಡಿಭಾಗದಲ್ಲಿ ನರಗಳ ನಡುವೆ ಬಣ್ಣವಿಲ್ಲದ ನೈಲ್ ಪಾಲಿಶ್ ತೆಳ್ಳಗೆ ಹಚ್ಚಿ. ಚೆನ್ನಾಗಿ ಒಣಗಲಿ. ಮೇಲೆ ಸೆಲ್ಲೋಟೇಪ್ ಒತ್ತಿ ಕಿತ್ತರೆ ಪಾಲಿಶ್ ಪೊರೆ ಜೊತೆಗೇ ಬರುತ್ತದೆ. ಅದನ್ನು ಸ್ಲೈಡಿಗೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ದೊಡ್ಡದು ಮಾಡಿ ತೋರಿಸಿ. ಪಾಲಿಶ್ ಎಲೆಯ ಮೈಯ ಏರುತಗ್ಗಿಗೆಲ್ಲ ಕೂತು ಒಣಗುವುದರಿಂದ ಪತ್ರರಂಧ್ರಗಳ, ಅಂದರೆ ಎಲೆ ಉಸಿರಾಡುವ ಪುಟ್ಟ ತೂತುಗಳ, ಅಚ್ಚು ಅದರಲ್ಲಿ ಉಳಿಯುತ್ತದೆ. ಚಾರ್ಟ್‌ನಲ್ಲಿರುವುದು ಎಲೆಯನ್ನು ಅಡ್ಡಕ್ಕೆ ಕೊಯ್ದ ನೋಟ, ಇದು ಎದುರಿನಿಂದ ನೋಡಿದ ಹಾಗೆ. ಮಕ್ಕಳು ಎಡವುವುದು ಇಲ್ಲೇ ಅಲ್ವಾ? ಚಾರ್ಟ್‌ನ ಕೆಳ ಅಂಚಿನಲ್ಲಿ ಎರಡು ಪುಟ್ಟ ಗುಂಡುಗಳ ಹಾಗೆ ಕಾಣುವ, ರಂಧ್ರದ ಎರಡೂ ಬದಿಯ ಕಾವಲು ಕೋಶಗಳು, ಅಚ್ಚಿನಲ್ಲಿ ನಡುವೆ ಸೀಳಿರುವ ಕಾಫಿ ಬೀಜದ ಹಾಗೇ ಕಾಣುತ್ತವೆ! ಕೊಡಗಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಹೋಲಿಕೆ ಬೇಕಿಲ್ಲ. ಎಲೆಯ ಮೇಲ್ಭಾಗದ ಅಚ್ಚನ್ನೂ ತೆಗೆಯಿರಿ. ಕಾಫಿ ಎಲೆಗೆ ಪತ್ರರಂಧ್ರ ಇರುವುದು ಅಡಿಯಲ್ಲಿ ಮಾತ್ರ, ಹಾಗಾಗಿ ಮೇಲ್ಭಾಗದ ಅಚ್ಚಿನಲ್ಲಿ ಒಂದೂ ಸಿಗುವುದಿಲ್ಲ. ಚಾರ್ಟ್‌ನಲ್ಲಿ ರಂಧ್ರವನ್ನು ಯಾಕೆ ಕೆಳಗಡೆ ಬರೆದಿದ್ದಾರೆ ಅಂತ ಆಗ ಹೇಳಿಕೊಡುವುದೇ ಬೇಡ. ಮಳೆಗಾಲದಲ್ಲಿ ಒದ್ದೆ ಎಲೆಗೆ ಸುಮ್ನೆ ಹಚ್ಚಬೇಡಿ, ಪಾಲಿಶ್ ಬೆಳ್ಳಗಾಗಿ ಕೆಡುತ್ತದೆ. ಹಿಂದಿನ ದಿನವೇ ಎಲೆ ತಂದು ಒರೆಸಿ, ಒಳಗಿಡಿ. ಚಿಗುರೆಲೆ ಹರಿದುಹೋಗುತ್ತದೆ. ತುಕ್ಕು ರೋಗ ಬಂದ ಎಲೆಯಾದರೆ ಕಿತ್ತಳೆ ಪುಡಿಯೇ ಟೇಪಿಗೆ ಅಂಟುತ್ತದೆ. ರೋಮ ಜಾಸ್ತಿ ಇರುವ ಎಲೆಗಳಲ್ಲೂ ಅಚ್ಚು ಸರಿಯಾಗಿ ಮೂಡುವುದಿಲ್ಲ. ಪಾಲಿಶ್ ವಾಸನೆ ಗಾಢ, ಕಿಟಕಿ ತೆರೆದಿಡಿ.